ಮೂರು ಸೆಕೆಂಡು ತಡ

ಮಾರ್ಚ್ 3, ಬೆಳಿಗ್ಗೆ

ಏಳು ದೀಪ ಸುಟ್ಟಿವೆ. ಎರಡು ಬದಲಾಯಿಸಿದೆ, ಉಳಿದವಕ್ಕೆ ಆಫೀಸಿಗೆ ಪತ್ರ. ಹೋದ ವರ್ಷವೂ ಇದೇ ಪತ್ರ. ಗ್ರೀನ್‌ರೂಮಿನ ಸಿಂಕ್ ಕಟ್ಟಿಕೊಂಡು ನಾರುತ್ತಿದೆ — ಮೂಗು ಮುಚ್ಚಿಕೊಂಡೇ ಕನ್ನಡಿ ಒರೆಸಿದೆ. ಇದು ನಗರಸಭೆಯ ರಂಗಮಂದಿರವಂತೆ! ಇಪ್ಪತ್ತೆರಡು ವರ್ಷದಿಂದ ಇಲ್ಲಿ ಲೈಟಿನ ಕೆಲಸ. ನಾಟಕಕ್ಕಿಂತ ಬೀಳ್ಕೊಡುಗೆ ಸಮಾರಂಭಗಳಿಗೇ ಹೆಚ್ಚು ಬೆಳಕು ಬಿಟ್ಟಿದ್ದೇನೆ.

ಈಗ ಇದ್ದಕ್ಕಿದ್ದಂತೆ ನಗರಸಭೆಯವರಿಗೆ ಕಲೆ ನೆನಪಾಗಿದೆ. ಒಂದು ತಂಡ ಆರಿಸಿ, ಮೂರು ವರ್ಷ ಮಂದಿರವನ್ನು ಅವರಿಗೇ ಬಿಟ್ಟುಕೊಡುತ್ತಾರೆ. ‘ನಿವಾಸಿ ನಾಟಕ ತಂಡ’. ಆರಿಸುವ ಸಮಿತಿಯಲ್ಲಿ ನಗರಸಭೆಯ ಅಧ್ಯಕ್ಷರು, ಇಂಜಿನಿಯರ್, ಒಬ್ಬ ನಿವೃತ್ತ ಪ್ರೊಫೆಸರ್. ತಾಂತ್ರಿಕ ಸದಸ್ಯ — ನಾನು.

ಮಾರ್ಚ್ 5, ಸಂಜೆ

ಮೊದಲ ಮೀಟಿಂಗ್. ಇಂಜಿನಿಯರ್ ನೋಟಿಸ್ ಓದಿ ಕೇಳಿದರು, “ನಿವಾಸಿ ಅಂದ್ರೆ ಇಲ್ಲೇ ಮಲಗ್ತಾರಾ? ಹಾಗಾದ್ರೆ ನೀರಿನ ಟ್ಯಾಂಕ್ ಸಾಲೋದಿಲ್ಲ.” ಅರ್ಧ ಗಂಟೆ ಟ್ಯಾಂಕಿನದೇ ಚರ್ಚೆ. ಪ್ರೊಫೆಸರ್ ಎದೆಯ ಮೇಲೆ ಗದ್ದವೂರಿ ನಿದ್ದೆ ಹೊಡೆದರು.

ಅರ್ಜಿ ಮೂರು. ಒಂದು ತಂಡ ಗ್ರೀನ್‌ರೂಮ್ ನೋಡಿ ಅರ್ಜಿ ವಾಪಸ್ ತೆಗೆದುಕೊಂಡಿತು — ಬುದ್ಧಿವಂತರು. ಉಳಿದದ್ದು ಎರಡು. ಒಂದು ಅಧ್ಯಕ್ಷರ ತಮ್ಮನ ಮಗನದು. ಇನ್ನೊಂದು ನನ್ನ ಅಕ್ಕನದು.

ನನ್ನನ್ನು ಸಮಿತಿಯಿಂದ ಬಿಟ್ಟುಬಿಡಿ ಸಾರ್, ಸ್ವಂತ ಅಕ್ಕ, ಎಂದೆ. “ಅಯ್ಯೋ, ಹಾಗೆ ಬಿಡ್ತಾ ಹೋದ್ರೆ ನಾನೂ ಬಿಡಬೇಕಾಗುತ್ತಲ್ರೀ!” ಎಂದು ಹೇಳಿ ಅಧ್ಯಕ್ಷರು ತಾವೇ ನಕ್ಕರು. ಸ್ವಲ್ಪವೂ ನಾಚಿಕೆಯಿಲ್ಲ. ಆಮೇಲೆ ನನ್ನ ಬೆನ್ನು ತಟ್ಟಿ, “ಅಕ್ಕನಿಗೆ ಕಣ್ಮುಚ್ಚಿ ಹತ್ತಕ್ಕೆ ಹತ್ತು, ಅಲ್ವಾ?” ಇಂಜಿನಿಯರೂ ಹಲ್ಲು ಕಿರಿದರು.

“ನಾನು ಅಂಥವನಲ್ಲ ಸಾರ್,” ಎಂದೆ. ಮೈಯೆಲ್ಲ ಉರಿಯಿತು.

ಮಾರ್ಚ್ 9

ಅಕ್ಕನ ಗೋಡೌನಿಗೆ ಹೋಗಿದ್ದೆ. ಹದಿನಾಲ್ಕು ವರ್ಷ ಅಲ್ಲೇ ರಿಹರ್ಸಲ್. ತಗಡಿನ ಮಾಡು, ಮಧ್ಯೆ ಕಂಬ — ಅವರ ನಾಟಕಗಳಲ್ಲಿ ಎಲ್ಲರೂ ಏನನ್ನೋ ಸುತ್ತಿಕೊಂಡೇ ನಡೆಯುವುದು ಆ ಕಂಬದ ಅಭ್ಯಾಸದಿಂದ. ಈ ತಿಂಗಳ ಕೊನೆಗೆ ಕೆಡವುತ್ತಾರೆ. ಬೇರೆ ಜಾಗ ಇಲ್ಲ. ಮಂದಿರ ಸಿಗದಿದ್ದರೆ ತಂಡ ಮುಗಿಯಿತು.

“ನೀನು ಇದ್ದೀಯಲ್ಲ ಒಳಗೆ,” ಎಂದಳು ಅಕ್ಕ.

“ಇದ್ದೀನಿ ಅಂತ ಏನೂ ಮಾಡೋಕಾಗಲ್ಲ.”

“ಏನೂ ಮಾಡ್ಬೇಡ ಮಾರಾಯ. ನೋಡಿದ್ದನ್ನ ನೋಡಿದ ಹಾಗೆ ಬರಿ, ಸಾಕು.”

ಮಾರ್ಚ್ 16

ಥೂ.

ಅಧ್ಯಕ್ಷರ ತಮ್ಮನ ಮಗನ ನಾಟಕ. ಒಂದೇ ಒಂದು ಮಾತು ಯಾರೂ ಆಡಲಿಲ್ಲ! ಎಲ್ಲ ರೆಕಾರ್ಡಿಂಗ್. ನಟರು ಬಾಯಿ ತೆರೆದು ಮುಚ್ಚುವುದಷ್ಟೇ. ರಾಜನ ಪಾತ್ರದವನಿಗೆ ಕೆಮ್ಮು ಬಂತು — ಆತ ಕೆಮ್ಮುತ್ತಿರುವಾಗಲೇ ಆತನ ಗರ್ಜನೆ ಸ್ಪೀಕರಿನಿಂದ ಬರುತ್ತಿತ್ತು. ಹೊಗೆ ಯಂತ್ರ ಬೇರೆ, ಗಂಟಲೆಲ್ಲ ಸೀಮೆಎಣ್ಣೆ ಕುಡಿದ ಹಾಗೆ.

ಮುಂದಿನ ಸಾಲಿನಲ್ಲಿ ಅಧ್ಯಕ್ಷರು, “ಆಹಾ, ಎಷ್ಟು ಸ್ಪಷ್ಟ ಉಚ್ಚಾರಣೆ!” ಇಂಜಿನಿಯರ್ ಫೋನಿನಿಂದ ತಲೆಯೆತ್ತದೆ ಹೌದ್ಹೌದು ಎಂದರು.

ಲೈಟ್ ಬೋರ್ಡನ್ನು ಹೊರಗಿನವರು ಮುಟ್ಟುವಂತಿಲ್ಲ, ಯಾರದೇ ನಾಟಕವಾದರೂ ನಾನೇ ನಡೆಸಬೇಕು. ಟ್ರ್ಯಾಕ್ ಕೇಳಿಸಿಕೊಂಡು ಬಟನ್ ಒತ್ತಿದೆ. ಒಂದೂ ತಪ್ಪಲಿಲ್ಲ. ತಪ್ಪುವುದಾದರೂ ಹೇಗೆ, ಜೀವವಿದ್ದದ್ದು ಏನಾದರೂ ಇದ್ದರೆ ತಾನೆ?

ಮಾರ್ಚ್ 17, ಸಂಜೆ

ಅಕ್ಕನ ನಾಟಕ. ಬರಿಯ ಒಂದು ಬೆಂಚು, ಐದು ಜನ.

ಕೊನೆಯ ದೃಶ್ಯ. ಅಕ್ಕ ತಾಯಿಯ ಪಾತ್ರದಲ್ಲಿ, ಮಗಳ ಅಂಗಿ ಮಡಚುತ್ತಾ, “ಬಾಗಿಲು ಹಾಕ್ಕೊಂಡು ಹೋಗೇ” ಎನ್ನುತ್ತಾಳೆ. ಅಷ್ಟೇ. ಅಲ್ಲಿಗೆ ಬ್ಲ್ಯಾಕೌಟ್. ಆದರೆ ಅಕ್ಕ ಅದನ್ನು ಹೇಳಿದ ರೀತಿ... ಬೋರ್ಡಿನ ಮೇಲೆ ಕೈ ಇದ್ದದ್ದೇ ಮರೆತುಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಎಚ್ಚೆತ್ತು ದೀಪ ಆರಿಸುವಷ್ಟರಲ್ಲಿ ಮೂರು ಸೆಕೆಂಡು ತಡ. ಅಕ್ಕ ಅಲುಗಾಡಲಿಲ್ಲ. ಅಂಗಿ ಹಿಡಿದು ನಿಂತೇ ಇದ್ದಳು.

ಆಮೇಲೆ ಗ್ರೀನ್‌ರೂಮಿನಲ್ಲೇ ಅಂಕಪಟ್ಟಿ ಹಂಚಿದರು. ‘ತಾಂತ್ರಿಕ ಶಿಸ್ತು’ ಕಾಲಮ್ ನನ್ನೊಬ್ಬನದು, ಹತ್ತು ಅಂಕ. ಅಧ್ಯಕ್ಷರು ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು. “ಬರೀರಿ ಬರೀರಿ, ಅಕ್ಕನ ಋಣ.”

ಬರೆದೆ. ಐದು. ಷರಾ: ‘ಬ್ಲ್ಯಾಕೌಟ್ ಮೂರು ಸೆಕೆಂಡು ತಡ. ಶಿಸ್ತಿನ ಕೊರತೆ.’ ನಿನ್ನೆಯವರಿಗೆ ಎಂಟು. ಅವರದರಲ್ಲಿ ತಪ್ಪಿರಲಿಲ್ಲವಲ್ಲ.

ಅಧ್ಯಕ್ಷರ ನಗು ನಿಂತಿತು. “ಪರವಾಗಿಲ್ಲ ರೀ. ನೀವು ನಿಜವಾಗ್ಲೂ ನಿಷ್ಪಕ್ಷಪಾತಿ.”

ಒಂದು ಕ್ಷಣ ಎದೆಯುಬ್ಬಿತು. ಬರೆದಿಡುತ್ತೇನೆ — ಉಬ್ಬಿತು.

ಮಾರ್ಚ್ 28

ಫಲಿತಾಂಶ. ಅಕ್ಕನ ತಂಡ ಸೋತಿತು. ಎರಡು ಅಂಕಕ್ಕೆ.

ಸಮಿತಿಯ ಕೋಣೆಯೊಳಗೆ, ನಮ್ಮ ಮುಂದಷ್ಟೇ, ಗುಮಾಸ್ತ ಎಲ್ಲರ ಪಟ್ಟಿ ಓದಿದ. ಅಧ್ಯಕ್ಷರು, ಇಂಜಿನಿಯರ್ ತಮ್ಮವರಿಗೇ ಸುರಿದಿದ್ದರು, ಅದು ಗೊತ್ತಿದ್ದದ್ದೇ. ಆದರೆ ಪ್ರೊಫೆಸರ್! ಅಕ್ಕನಿಗೆ ಪೂರ್ತಿ ಅಂಕ, ಇನ್ನೊಬ್ಬರಿಗೆ ಸೊನ್ನೆ. ‘ಯಾರೂ ಮಾತನಾಡಲಿಲ್ಲ’ ಅಂತ ಷರಾ. ಮುದುಕ ಎಚ್ಚರವಾಗಿಯೇ ಇದ್ದ. ನಾನು ಐದರ ಬದಲು ಅವರಿಗೆ ಕೊಟ್ಟಷ್ಟೇ ಎಂಟು ಕೊಟ್ಟಿದ್ದರೂ ಅಕ್ಕ ಗೆಲ್ಲುತ್ತಿದ್ದಳು.

ಹೊರಗೆ ಬಂದ ಪ್ರೊಫೆಸರ್ ನನ್ನನ್ನು ನೋಡಿ ಕೇಳಿದರು, “ಅಲ್ರೀ, ಲೈಟ್ ಬಿಟ್ಟವರು ನೀವೇ ಅಲ್ವಾ?”

ಹೌದೆಂದು ತಲೆಯಾಡಿಸಿದೆ. ಅವರು ಮುಂದೆ ಕೇಳಲೂ ಇಲ್ಲ. ಅವರೆಲ್ಲರ ಮೇಲೆ ಇಷ್ಟು ದಿನ ಉಗಿದದ್ದೆಲ್ಲ ಈಗ ನನ್ನ ಮುಖದ ಮೇಲೇ ಇದೆ. ಅವರದು ಸ್ವಾರ್ಥ, ಅರ್ಥವಾಗುತ್ತದೆ. ನನ್ನದು ಏನು? ಒಳ್ಳೆಯವನು ಅನ್ನಿಸಿಕೊಳ್ಳುವ ಚಪಲ. ಅದೂ ಯಾರಿಂದ!

ಮಾರ್ಚ್ 31

ಗೋಡೌನ್ ಖಾಲಿ ಮಾಡಿದೆವು. ಬೆಂಚು ನಮ್ಮ ಮನೆಗೇ ಬಂತು. ಅಕ್ಕ ಅಳಲಿಲ್ಲ. ಕೊನೆಗೆ ಆ ಕಂಬವನ್ನು ಒಮ್ಮೆ ಒದ್ದಳು. “ದರಿದ್ರದ್ದು, ಹದಿನಾಲ್ಕು ವರ್ಷ ಅಡ್ಡ ನಿಂತಿತ್ತು.”

ಹೇಳಬೇಕೆಂದು ಬಾಯಿ ತೆರೆದೆ. ಅವಳೇ ಶುರು ಮಾಡಿದಳು. “ಅವತ್ತು ಕೊನೇಲಿ ದೀಪ ಬೇಗ ಆರಿಸ್ಲಿಲ್ಲ ನೋಡು ನೀನು. ಬೇಕಂತಲೇ ತಡ ಮಾಡಿದ್ದಲ್ವಾ? ಎಷ್ಟು ಚೆನ್ನಾಗಿತ್ತು ಗೊತ್ತಾ! ಜನ ಉಸಿರು ಬಿಗಿ ಹಿಡಿದಿದ್ದು ನನಗೆ ಕೇಳಿಸ್ತು. ನಮ್ಮವನೊಬ್ಬನಿಗಾದ್ರೂ ಅರ್ಥ ಆಯ್ತಲ್ಲ ಅಂದ್ಕೊಂಡೆ.”

ಹೂಂ ಎಂದೆ. ಹೂಂ ಎಂದುಬಿಟ್ಟೆ! ಮನೆಗೆ ಬಂದು ಕೈ ತೊಳೆದೆ, ಮತ್ತೆ ತೊಳೆದೆ.

ಏಪ್ರಿಲ್ 4, ಬೆಳಿಗ್ಗೆ 10.40

ಅಂಕಪಟ್ಟಿಗಳನ್ನು ಷರಾ ಸಮೇತ ಹನ್ನೊಂದಕ್ಕೆ ನೋಟಿಸ್ ಬೋರ್ಡಿಗೆ ಹಾಕುತ್ತಾರೆ. ಪ್ರೊಫೆಸರ್ ಹಟ ಹಿಡಿದರಂತೆ. ಪ್ರತಿಯೊಬ್ಬರ ಸಹಿ ಸಮೇತ.

ಅಕ್ಕ ಆಗಲೇ ಬಂದಿದ್ದಾಳೆ. ಕೆಳಗೆ ಮೆಟ್ಟಿಲ ಹತ್ತಿರ ಕೂಗುತ್ತಿದ್ದಾಳೆ — “ಎಲ್ಲಿದ್ದೀಯೋ? ಬಾ, ನೋಡೋಣ. ಉಳಿದವರದ್ದು ಏನಾದ್ರೂ ಇರ್ಲಿ, ನೀನು ಬರೆದದ್ದು ಓದ್ಬೇಕು ನಂಗೆ.”

ಇಪ್ಪತ್ತು ನಿಮಿಷ ಇದೆ. ಮೇಲೆ ಕರೆದು, ಕೂರಿಸಿ, ನೇರವಾಗಿ ಹೇಳಿಬಿಡಬೇಕು. ಸುತ್ತಿ ಬಳಸಿ ಅಲ್ಲ. ಮೊದಲ ವಾಕ್ಯ ಇಲ್ಲೇ ಬರೆದುಕೊಂಡರೆ ನಾಲಿಗೆ ತೊದಲಲಿಕ್ಕಿಲ್ಲ.

ಅಕ್ಕಾ, ಅದು ಬೇಕಂತ ತಡ ಮಾಡಿದ್ದಲ್ಲ, ನಿನ್ನನ್ನ ನೋಡ್ತಾ ಮರೆತೆ, ಆಮೇಲೆ ಅದಕ್ಕೇ ನಿನಗೆ

ಮೆಟ್ಟಿಲು ಹತ್ತುತ್ತಿದ್ದಾ