ಮೂರನೇ ಫ್ರೆಟ್ಟಿನ ಜಿರ್

ಜನವರಿ 6, ಮಂಗಳವಾರ, ಬೆಳಿಗ್ಗೆ

ಕಾಫಿ ಆಯ್ತು. ಪೇಪರ್ ಆಯ್ತು. ಬೇಸ್ ಗಿಟಾರ್ ತೊಡೆ ಮೇಲಿಟ್ಕೊಂಡೆ. ಮತ್ತೆ ಅದೇ — ದಪ್ಪ ತಂತಿ, ಗಿಟಾರ್ ಕತ್ತಿನ ಮೇಲಿನ ಮೂರನೇ ಪಟ್ಟಿ, ಅಂದ್ರೆ ಮೂರನೇ ಫ್ರೆಟ್ಟು, ಜಿರ್ರ್ರ್. ತಗಡಿನ ಡಬ್ಬಕ್ಕೆ ಜೀರುಂಡೆ ಬಿಟ್ಟಂಗೆ. ಇವತ್ತು ಅಡುಗೆಮನೇಲಿದ್ದ ಉಮಾಗೂ ಕೇಳಿಸ್ತು.

"ಏನ್ರೀ ಅದು, ಮಿಕ್ಸಿ ಕೆಟ್ಟಂಗೆ?"

"ಬೇಸ್ ಕಣೇ. ಬೇಸ್ ಕೆಟ್ರೆ ಬೇಸ್-ಸರ."

"ಥೂ," ಅಂದ್ಲು. ಮದುವೆ ಆದಾಗಿಂದ ನಂಗೆ ಅವಳ ಚಪ್ಪಾಳೆ ಅದೇ.

ತಂತಿ ಹೊಸದು. ಕೆಳಗೆ ತಂತಿ ಕೂರೋ ಬ್ರಿಡ್ಜ್ ಹತ್ರ ಸ್ಕ್ರೂ ತಿರುಗಿಸಿ ಒಂಚೂರು ಮೇಲೆತ್ತಿದೆ. ಹೋಗ್ಲಿಲ್ಲ. ಧನುರ್ಮಾಸ, ಪ್ರೋಗ್ರಾಮ್ ಯಾವ್ದೂ ಇಲ್ಲ, ಟೈಮಿದೆ. ಫೆಬ್ರವರಿ 7ಕ್ಕೆ ಕುಣಿಗಲ್‌ನಲ್ಲಿ ರಿಸೆಪ್ಷನ್. ಅಷ್ಟರೊಳಗೆ ಸರಿ ಆಗ್ಬೇಕು.

ಜನವರಿ 9

ಅನುಮಾನ — ರಂಗಣ್ಣ. ನಮ್ಮ ಆರ್ಕೆಸ್ಟ್ರಾ ಓನರ್ರು, ಕೀಬೋರ್ಡೂ ಅವನೇ. ಹೋದ ತಿಂಗಳು ಅವನ ಕೀಬೋರ್ಡಲ್ಲಿ ಟ್ರಾನ್ಸ್‌ಪೋಸ್ ಬಟನ್ ಒತ್ತಿಟ್ಟಿದ್ದೆ. ಇಡೀ ಹಾಡು ಅರ್ಧ ಸ್ವರ ಮೇಲೆ ನುಡಿಸಿ, ಶ್ರುತಿ ಇಲ್ಲ ಅಂತ ಸಿಂಗರ್‌ಗೆ ಬೈದಿದ್ದ. ಸೇಡು ತೀರಿಸ್ಕೊಂಡಿರ್ಬೇಕು... ಫ್ರೆಟ್ಟಿಗೆ ಏನೋ ಮಾಡಿದಾನೆ.

ಬಟವಾಡೀಲಿರೋ ಅವನ ಮನೇಲಿ ಪ್ರಾಕ್ಟೀಸ್. ಹಿಡ್ದು ಕೇಳ್ದೆ.

"ನಿನ್ನಾಣೆ ಮುಟ್ಟಿಲ್ಲ ಕಣೋ. ಆ ಎಡಚನ ಗಿಟಾರು ಯಾವ ಕಡೆಯಿಂದ ಹಿಡೀಬೇಕು ಅಂತಲೇ ಗೊತ್ತಿಲ್ಲ ನಂಗೆ."

ಅದು ನಿಜ. ನಾನು ಎಡಚ, ತಂತಿ ಎಲ್ಲಾ ಉಲ್ಟಾ. ಎಡಗೈಲಿ ಮೀಟೋದು, ಬಲಗೈಲಿ ಒತ್ತೋದು. ಎಡಚ ಪ್ಲಸ್ ಎಡವಟ್ಟು, ಅಂತಾನೆ ರಂಗಣ್ಣ. ಆದ್ರೂ ನಂಬ್ಲಿಲ್ಲ. ಸುಳ್ಳು ಹೇಳ್ವಾಗ ನಾನೂ ಹಿಂಗೇ ಆಣೆ ಹಾಕೋದು.

ಜನವರಿ 12

ಗುಬ್ಬಿಗೆ ಹೋಗ್ಬಂದೆ. ಹಾರಿ ಅಲ್ಲ, ಬಸ್ಸಲ್ಲಿ. ಅಲ್ಲಿ ರೇವಣಸಿದ್ದಯ್ಯ ಅಂತ, ಹಾರ್ಮೋನಿಯಂ ಗಿಟಾರು ಎಲ್ಲಾ ರಿಪೇರಿ ಮಾಡ್ತಾರೆ.

"ನೆಕ್ ನೋಡಿ ಸ್ವಾಮಿ," ಅಂದೆ.

"ನೆಕ್ಕಿ ನೋಡ್ಬೇಕಾ?" ಅಂದ್ರು. ನಾನು ಹೇಳೋಣ ಅಂತಿದ್ದ ಜೋಕು! ಜನ್ಮಾಂತರದ ಸ್ನೇಹಿತ ಸಿಕ್ಕಂಗಾಯ್ತು.

ನೆಕ್ಕಿನ ಒಳಗೆ ಕಬ್ಬಿಣದ ಕಡ್ಡಿ ಇರ್ತದೆ, ಟ್ರಸ್ ರಾಡು. ಅದನ್ನ ಕಾಲು ಸುತ್ತು ಸಡಿಲ ಬಿಟ್ರು. ಫ್ರೆಟ್ಟುಗಳ ಮೇಲೆ ಸ್ಕೇಲ್ ಇಟ್ಟು ಸಂದೀಲಿ ಬೆಳಕು ನೋಡಿದ್ರು. ಆಮೇಲೆ ಉಲ್ಟಾ ಹಿಡ್ಕೊಂಡು ತಾವೇ ನುಡಿಸಿದ್ರು. ಮೂರನೇ ಫ್ರೆಟ್ಟು — ಧುಮ್. ಕ್ಲೀನು. ನನ್ನ ಕೈಗೆ ಕೊಟ್ರು. ಜಿರ್ರ್ರ್.

ಇನ್ನೊಂದ್ಸಲ. ಅವರದು ಧುಮ್. ನಂದು ಜಿರ್.

"ಷಡಕ್ಷರಪ್ಪೋರೆ, ಗಿಟಾರ್‌ದೇನೂ ತಪ್ಪಿಲ್ಲ. ನಿಮ್ ಬೆರಳು ಅದುಮ್ತಿಲ್ಲ. ನೋಡಿ, ತಂತಿ ಮೇಲೆ ಸುಮ್ನೆ ಮಲಗಿದೆ."

"ನನ್ನಂಗೇ ಅದಕ್ಕೂ ರಿಟೈರ್ಮೆಂಟು ಬಿಡಿ."

ನಗ್ಲಿಲ್ಲ. "ಯಾರಾದ್ರೂ ಡಾಕ್ಟ್ರಿಗೆ ತೋರಿಸಿ," ಅಂದ್ರು, ಮೆಲ್ಲಗೆ.

ವಾಪಸ್ ಬರ್ತಾ ಬಸ್ಸು ರಶ್ಶು. ಕಂಬಿ ಹಿಡ್ಕೊಂಡು ನಿಂತಿದೀನಿ ಅಂದ್ಕೊಂಡಿದ್ದೆ. ಬ್ರೇಕ್ ಹಾಕ್ದ, ಪಕ್ಕದೋನ ಮೇಲೆ ಬಿದ್ದೆ. ನೋಡಿದ್ರೆ ಬಲಗೈ ಕೆಳಗೆ ಜೋತಾಡ್ತಾ ಇದೆ. ಕಂಬಿ ಯಾವಾಗ ಬಿಟ್ಟೆ?

ಟೋಲ್‌ಗೇಟ್ ಬರೋಷ್ಟ್ರಲ್ಲಿ ಸರಿ ಹೋಯ್ತು. ಉಮಾಗೆ ಹೇಳಿಲ್ಲ.

ಜನವರಿ 15, ಸಂಕ್ರಾಂತಿ

ಎದುರುಮನೆ ಹೆಣ್ಮಕ್ಕಳು ಎಳ್ಳು ತಂದ್ರು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂಕಲ್" — ಅಂದ್ಬಿಟ್ಟು ಕಾಯ್ತಾ ನಿಂತ್ರು. ಪ್ರತಿ ವರ್ಷ ನಂದೊಂದು ಹೊಸ ಉತ್ತರ ಇರ್ತದೆ. ಈ ಸಲದ್ದೂ ರೆಡಿ ಇತ್ತು, ಎಳ್ಳಿಗೆ ಕಳ್ಳು ಅಂತ ಪ್ರಾಸ ಹಾಕಿ. ಬಾಯಿ ತೆಗೆದೆ.

ಏನೂ ಬರ್ಲಿಲ್ಲ.

ಮಾತು ಗೊತ್ತು. ಗಂಟಲ ಹತ್ರ ಇದೆ. ಬರಲ್ಲ. ಬಾಯಿ ತೆಕ್ಕೊಂಡು ನಿಂತೇ ಇದ್ದೆ. ಒಬ್ಳು ಕಿಸಕ್ ಅಂದ್ಲು. ಆಮೇಲೆ ಎಲ್ರೂ. "ಅಯ್ಯೋ, ಅಂಕಲ್ ಆಕ್ಟಿಂಗ್ ನೋಡೇ!"

ಉಮಾನೂ ನಕ್ಳು. ಇಷ್ಟು ವರ್ಷದಲ್ಲಿ ಅವಳು ನಕ್ಕಿದ್ದು ಅದೊಂದೇ ಜೋಕಿಗೆ... ನಾನು ಮಾಡ್ದೇ ಇರೋ ಜೋಕಿಗೆ.

ಫೆಬ್ರವರಿ 8, ಭಾನುವಾರ

ಬರೀದೆ ಬಹಳ ದಿನ ಆಯ್ತು. ಬರೆಯೋಂಥದ್ದು ಇರ್ಲಿಲ್ಲ ಅಂತಲ್ಲ.

ನಿನ್ನೆ ಕುಣಿಗಲ್ ರಿಸೆಪ್ಷನ್. ಜಿರ್ ಕೇಳಿಸ್ದಂಗೆ ಆಂಪ್ ಸೌಂಡು ಸಣ್ಣ ಮಾಡ್ಕೊಂಡು ನುಡಿಸ್ದೆ. ಮೂರನೇ ಫ್ರೆಟ್ಟು ಬಿಟ್ಟು ಸುತ್ತು ಹಾಕ್ಕೊಂಡು ನುಡಿಸ್ದೆ. ಯಾರಿಗೂ ಗೊತ್ತಾಗ್ಲಿಲ್ಲ.

ಮೈಕಲ್ಲಿ ಶುಭಾಶಯ ಹೇಳೋದು ಯಾವಾಗ್ಲೂ ನಾನೇ. ಹೇಳ್ದೆ. "ಹುಡುಗ ಹುಡುಗಿ ನೂರು ವರ್ಷ ಬಾಡಿ."

ಬಾಳಿ ಅಂತ ಹೇಳ್ದೆ ನಾನು. ಬಾಡಿ ಅಂತ ಕೇಳಿಸ್ತು. ನಂಗೂ ಕೇಳಿಸ್ತು.

ನಮ್ಮ ಡ್ರಮ್ಮರ್ ಗಂಗಹನುಮಯ್ಯಂಗೆ ನನ್ನ ಜೋಕು ಅಂದ್ರೆ ಒಂದು ಪೆಟ್ಟು ಹಾಕಿ ಅಭ್ಯಾಸ — ಡುಂ ಟಕ್ ಛನ್ ಅಂದ. ಹುಡುಗನ ಫ್ರೆಂಡ್ಸು ಹೋ ಅಂತ ಸಿಳ್ಳೆ ಹೊಡೆದ್ರು. ಮುಂದಿನ ಸಾಲಲ್ಲಿ ಹುಡುಗಿ ಅಜ್ಜಿ. ನೆಟಿಗೆ ಮುರೀತಾ ನನ್ನೇ ನೋಡ್ತಿತ್ತು.

ಕೆಳಗಿಳಿದ ತಕ್ಷಣ ರಂಗಣ್ಣ ಕಾಲರ್ ಹಿಡ್ದ. "ಮದುವೆ ಮನೇಲಿ ಆಡೋ ಮಾತೇನ್ಲಾ ಅದು? ನಾಲಿಗೆ ಮೇಲೆ ಹಿಡಿತ ಬ್ಯಾಡ್ವಾ?"

ಇಲ್ಲ ಕಣೋ, ಹಿಡಿತ ಇಲ್ಲ, ಅದೇ ಪ್ರಾಬ್ಲಮ್ಮು — ಅನ್ಬೇಕಿತ್ತು. ನಕ್ಕೆ. "ಹೆಂಗಿತ್ತು?" ಅಂದೆ. ಹೆದರಿದೋನು ಅನ್ನಿಸ್ಕೊಳೋದಕ್ಕಿಂತ ಕೆಟ್ಟೋನು ಅನ್ನಿಸ್ಕೊಳೋದು ಸಲೀಸು.

ಫೆಬ್ರವರಿ 10

ಬೇಸ್ ತಗೊಂಡೆ. ಜಿರ್ ಇಲ್ಲ! ಖುಷಿ ಆಯ್ತು, ಒಂದು ಗಳಿಗೆ. ಆಮೇಲೆ ಗೊತ್ತಾಯ್ತು. ಸ್ವರಾನೇ ಇಲ್ಲ. ಠಪ್ ಠಪ್ ಅಂತದೆ, ಒದ್ದೆ ಗೋಣಿ ಬಡಿದಂಗೆ. ಜಿರ್ ಅನ್ನೋಕಾದ್ರೂ ಬೆರಳು ಸ್ವಲ್ಪ ಒತ್ಬೇಕು.

ಧೈರ್ಯ ಮಾಡಿ ಉಮಾಗೆ ಹೇಳ್ದೆ. "ಬಲಗೈ ಹಿಡಿತಕ್ಕೆ ಬರ್ತಿಲ್ಲ ಕಣೇ. ಡಾಕ್ಟ್ರ ಹತ್ರ ಹೋಗಣ."

"ಹೂಂ ಹೂಂ. ಹೋದ ಯುಗಾದೀಲಿ ಎಣ್ಣೆ ನೀರು ತಪ್ಪಿಸ್ಕೊಳೋಕೆ ಎದೆ ಹಿಡ್ಕೊಂಡು ಬಿದ್ರಲ್ಲ, ಹಂಗಾ? ಅತ್ತು ಅತ್ತು ಬೀದಿ ಜನ ಸೇರಿಸಿದ್ದೆ ನಾನು. ಕಣ್ಣು ಬಿಟ್ಟು ಏನಂದ್ರಿ? 'ಸ್ನಾನ ಆಯ್ತಾ' ಅಂದ್ರಿ! ಬೆಂಡೆಕಾಯಿ ಹೆಚ್ಕೊಡಿ, ಕೈ ತಾನಾಗೇ ಸರಿ ಹೋಗ್ತದೆ."

ಬೆಂಡೆಕಾಯಿ ಹೆಚ್ಕೊಟ್ಟೆ. ಎಡಗೈಲಿ. ಅದು ಅವಳಿಗೆ ವಿಶೇಷ ಅನ್ನಿಸ್ಲಿಲ್ಲ, ಎಡಚ ಅಲ್ವಾ.

ನಾಳೆ ರಂಗಣ್ಣಂಗೆ ಹೇಳ್ತೀನಿ.

ಫೆಬ್ರವರಿ 11, ಬೆಳಿಗ್ಗೆ 11

ಬಲಗೈ ಇಲ್ಲ. ಇದೆ, ತೊಡೆ ಮೇಲಿದೆ, ನಂದಲ್ಲ.

ಆಸ್ಪತ್ರೆ ಅಂತ ಕೂಗ್ದೆ. ಕಿಟಕಿ ಅಂತ ಬಂತು. ಉಮಾ ಬಂದು ಕಿಟಕಿ ತೆಗೆದ್ಲು. ಮತ್ತೆ ಕೂಗ್ದೆ. ಕಿಟಕಿ. ಇನ್ನೊಂದು ತೆಗೆದ್ಲು. ಮತ್ತೆ ಕಿಟಕಿ. "ಇರೋವೆಲ್ಲಾ ತೆಗ್ದಾಯ್ತು ಮಾರಾಯ್ರೆ, ಇನ್ನು ಗೋಡೆ ಒಡೀಲಾ?" ನಗ್ತಾ ಒಳಗೆ ಹೋದ್ಲು. ಒಗ್ಗರಣೆ ಸದ್ದು.

ಬರೆದ್ರೆ ಸರಿ ಬರ್ತಿದೆ ಇನ್ನೂ. ಫೋನ್ ದೂರ. ಅವಳು ಬಂದ್ರೆ ಇದೇ ಕೊಡ್ತೀನಿ

ಉಮಾ ಕಿಟಕಿ ಅಲ್ಲ ಆಸ್ಪತ್ರೆ

ತಮಾಷೆ ಅಲ್ಲ ಕಣೇ ಈ ಸಲ ನಿಜ ರಂಗಣ್ಣಂಗೆ ಕಾರ್ ತರೋಕೆ ಹೇಳು ಈಗಲೇ

ಬರ್ತಿದೀಯ ಬಾ

ನಗೋಕ್ ಮುಂಚೆ ಪೂರ್ತಿ ಓ