ಮಡಿಕೆ ಬಿಚ್ಚಿದ ಮದುವೆ ಫೋಟೋ

ಸ್ಯಾನ್ ಆಂಟೋನಿಯೊ
ನವೆಂಬರ್ ೪, ೨೦೧೮

ಪ್ರೀತಿಯ ಎರಿಬೆರ್ತೊ ಅಣ್ಣ,

ಕಾಗದ ತಡವಾಯ್ತು, ಬೈಕೋಬೇಡ. ಫೋನಿನಲ್ಲಿ ಹೇಳೋಣ ಅಂದ್ರೆ ನಿನ್ನ ದನಿ ಕೇಳಿದ ಕೂಡಲೇ ನನ್ನ ಬಾಯಿ ಕಟ್ಟುತ್ತೆ. ನಾವು ಹೇಗೋ ಇದೀವಿ. ಸತ್ತವರ ಹಬ್ಬದ ವಾರವೆಲ್ಲ ಬೇಕರಿಯಲ್ಲಿ ಅವರಿಗಿಡೋ ಬ್ರೆಡ್ಡು ಬೇಯಿಸಿ ಬೇಯಿಸಿ ಸೊಂಟ ಬಿದ್ದುಹೋಗಿದೆ. ನಿನ್ನನ್ನ ಹಿಡಿದು ಗಡಿಯಾಚೆ ಮೆಕ್ಸಿಕೋಗೆ ದಬ್ಬಿದ ಮೇಲೆ, ವಾಪಸು ಕರೆಸಿಕೊಳ್ಳೋಕೆ ಹಾಕಿದ ಅರ್ಜಿ ಏನಾಯ್ತು ಅಂತ ಕೇಳ್ತೀಯ, ಗೊತ್ತು. ಅದನ್ನ ಕಡೆಗೆ ಬರೀತೀನಿ. ಮೊದಲು ನಿನ್ನ ಮಗಳ ಸುದ್ದಿ ಕೇಳು.

ಗುರುವಾರ ನಯೆಲಿಯ ಶಾಲೆಯವರು, ಮಕ್ಕಳಿಗೆ ಅವರ ಮೆಕ್ಸಿಕನ್ ಬೇರು ತೋರಿಸ್ತೀವಿ ಅಂತ, ನಮ್ಮವರ ಹಳೇ ಕೇರಿಯಲ್ಲಿರೋ ಕಲಾಭವನಕ್ಕೆ ಕರ್ಕೊಂಡು ಹೋದ್ರು. ಮಕ್ಕಳನ್ನ ನೋಡ್ಕೊಳ್ಳೋಕೆ ಅಂತ ನಾನೂ ಬಸ್ಸು ಹತ್ತಿದೆ. ಅರಿಸ್ಪೆ ಟೀಚರ್ ತಮ್ಮ ಹರಕುಮುರುಕು ಸ್ಪ್ಯಾನಿಷ್‌ನಲ್ಲಿ, "ನಾವೆಲ್ಲ ಎರಡು ದೇಶದ ಮಕ್ಕಳು, ಹೆಮ್ಮೆ ಪಡಬೇಕು" ಅಂದ್ರು. ಹಿಂದಿನ ಸೀಟಿನ ಹುಡುಗನೊಬ್ಬ, "ಟೀಚರ್, ಮೆಕ್ಸಿಕೋದ ಮಾಂಟೆರೇಲಿ ನಮ್ಮಜ್ಜಿ ನನ್ನ ಗ್ರಿಂಗೊ, ಬಿಳಿ ಪರದೇಶಿ ಅಂತ ಆಡ್ಕೋತಾಳೆ. ಇಲ್ಲಿ ನೋಡಿದ್ರೆ ನಿನ್ನ ದೇಶಕ್ಕೆ ಹೋಗು ಅಂತಾರೆ. ಈ ಹೆಮ್ಮೇನ ಎಲ್ಲಿ ನಿಂತು ಪಡೋದು?" ಅಂದ. ಬಸ್ಸೆಲ್ಲ ನಕ್ಕಿತು. ನಯೆಲಿ ನಗಲಿಲ್ಲ, ಕಿಟಕಿಯಾಚೆ ನೋಡ್ತಾ ಕೂತಿದ್ದಳು.

ಕಲಾಭವನದಲ್ಲಿ, ಹಬ್ಬಕ್ಕೆ ತಮ್ಮವರನ್ನ ನೋಡೋಕೆ ಬರೋ ಸತ್ತವರಿಗೆ ದೊಡ್ಡ ಪೀಠ ಕಟ್ಟಿದ್ರು. ಮೆಟ್ಟಿಲ ತುಂಬಾ ಚೆಂಡುಹೂವು. ಒಂದೊಂದು ಮಗುವೂ ತನ್ನ ಮನೇಲಿ ತೀರಿಕೊಂಡವರ ಫೋಟೋ ಇಡಬೇಕು. ಒಫೇಲಿಯಾ ಅತ್ತಿಗೆಯದು ಅಂತ ನಮ್ಮಲ್ಲಿರೋದು ನಿಮ್ಮ ಮದುವೆ ಫೋಟೋ ಒಂದೇ. ಬದುಕಿರೋರನ್ನ ಆ ಪೀಠದಲ್ಲಿ ಇಡೋದುಂಟೇ? ಕತ್ತರಿಸೋಕೆ ಮನಸ್ಸು ಬರದೆ, ನೀನಿರೋ ಅರ್ಧವನ್ನ ಹಿಂದಕ್ಕೆ ಮಡಿಸಿ ಕೊಟ್ಟಿದ್ದೆ. ನಿನ್ನ ಮಗಳು ಅಲ್ಲಿ ಮಡಿಕೆ ಬಿಚ್ಚಿ, ಅಂಗೈಯಿಂದ ತೀಡಿ, ಇಬ್ಬರನ್ನೂ ಇಟ್ಟುಬಿಟ್ಟಳು.

"ಏ ಹುಚ್ಚಿ, ನಿಮ್ಮಪ್ಪ ಗುಂಡುಕಲ್ಲಿನ ಹಾಗಿದಾನೆ. ಅಪಶಕುನ, ತೆಗಿ" ಅಂದೆ.

"ಇರಲಿ ಬಿಡು ಅತ್ತೆ. ಅಮ್ಮ ವರ್ಷಕ್ಕೊಂದು ಸಲನಾದ್ರೂ ಬರ್ತಾಳೆ. ಸತ್ತೋರನ್ನ ಗಡಿ ಸೇತುವೆ ಮೇಲೆ ಯಾರೂ ತಡೆಯಲ್ಲ" ಅಂದಳು.

ಟೀಚರ್ ಬಾಯಿಗೆ ಕೈ ಅಡ್ಡ ಹಿಡ್ಕೊಂಡು ಆಚೆ ಹೋದ್ರು. ನಾನು ಕೈ ಚಾಚಿದೆ. ಅವಳು ಪೀಠಕ್ಕೆ ಬೆನ್ನು ಕೊಟ್ಟು ಅಡ್ಡ ನಿಂತಳು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ವಾಪಸು ಬರುವಾಗ ಅವಳು ನನ್ನ ತೊಡೆ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಫೋಟೋ ಅಲ್ಲೇ ಬಿಟ್ಟು ಬಂದಿದೀನಿ.

ಹೊತ್ತು ಹೊತ್ತಿಗೆ ಊಟ ಮಾಡು. ಕುಡಿಯೋದು ಕಡಿಮೆ ಮಾಡು. ಗ್ವಾಡಲೂಪೆ ತಾಯಿ ನಿನ್ನ ಕಾಯಲಿ.

ನಿನ್ನ ತಂಗಿ,
ಚೆಲಾ

ತಾ.ಕ.: ಅರ್ಜಿ ತಳ್ಳಿಹಾಕಿದಾರೆ. ಇನ್ನು ಯಾವ ಕೋರ್ಟೂ ಉಳಿದಿಲ್ಲವಂತೆ. ಬದುಕಿರೋವರೆಗೂ ನೀನು ಈ ಕಡೆ ಕಾಲಿಡೋ ಹಾಗಿಲ್ಲ. ವಕೀಲರು ಫೋನ್ ಮಾಡಿದ್ದು ಬುಧವಾರ, ಪ್ರವಾಸದ ಹಿಂದಿನ ದಿನ. ನನಗೆಲ್ಲಿ ಬರುತ್ತೆ ಇಂಗ್ಲಿಷು? ಎಂದಿನ ಹಾಗೆ ಫೋನು ನಯೆಲಿ ಕೈಗೆ ಕೊಟ್ಟೆ. ಅವಳು ಒಂದೊಂದೇ ಮಾತು ಕೇಳಿಸ್ಕೊಂಡು, ನನಗೆ ನಮ್ಮ ಭಾಷೇಲಿ ಬಿಡಿಸಿ ಹೇಳಿ, ಅವರಿಗೆ ಥ್ಯಾಂಕ್ಸ್ ಹೇಳಿ ಫೋನಿಟ್ಟಳು.