ಮೊಣಕೈಯ ಹೊಸ ಚರ್ಮ

ಪ್ರೀತಿಯ ಸುಜಿತ್,

ಇವತ್ತು ಮಣಿಪಾಲದಲ್ಲಿ ಡಾಕ್ಟರು ನನ್ನ ಮೊಣಕೈಯ ಬ್ಯಾಂಡೇಜು ಬಿಚ್ಚಿದರು. ಕಾಪುವಿನ ಬಳಿ ನಮ್ಮ ಬೈಕ್ ಜಾರಿದ ದಿನ ನೀನು ಅಲ್ಲೇ ತೀರಿಹೋದೆ. ನನಗೆ ಚರ್ಮ ಕಿತ್ತುಹೋಗಿತ್ತು, ಅಷ್ಟೆ. ಆ ಜಾಗದಲ್ಲೀಗ ತೆಳುವಾದ ಗುಲಾಬಿ ಚರ್ಮ ಬಂದಿದೆ ತಮ್ಮಾ.

"ಇದು ಹೇಗೆ ಬಂತು?" ಎಂದೆ.

"ಅಂಚಿನಲ್ಲಿ ಉಳಿದ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ವಿಭಜನೆಯಾಗುತ್ತಾ ಗಾಯ ಮುಚ್ಚಿದವು. ಜೀವ ಉಂಟಲ್ಲ, ಅದರ ಕೆಲಸ ಅದು ಮಾಡ್ತದೆ," ಎಂದರು.

ನೀನು ಹೋದ ಮೇಲೆ ನಾನು ಸರಿಯಾಗಿ ಉಂಡಿಲ್ಲ, ಮಲಗಿಲ್ಲ. ಆದರೂ ಮೈ ನನ್ನನ್ನು ಒಂದು ಮಾತೂ ಕೇಳದೆ ವಾಸಿಯಾಗಿಬಿಟ್ಟಿದೆ.

ಮನೆಗೆ ಬಂದಾಗ ಅಮ್ಮ ಆ ಚರ್ಮವನ್ನು ಮೆಲ್ಲಗೆ ಸವರಿದರು. "ಇನ್ನೂ ನೋವುಂಟಾ ಮಗಾ?"

ನೋವಿರಲಿಲ್ಲ. "ಉಂಟಮ್ಮ" ಎಂದೆ.

ನಿನ್ನ ಅಕ್ಕ